ಕೆಡಿಸೋಕೆ ಬಟ್ಟೆ ಕೊಡದೆ ಕೌದಿ ಕಲಿಸ್ತೀರಾ?

ಕೌದಿಯ ಬಗ್ಗೆ ಪತ್ರಿಕೆಯಲ್ಲಿ ಬಂದ ಯಾವ ಲೇಖನವನ್ನೇ ತೆಗೆದುಕೊಳ್ಳಿ, ಮೂರು ಮಾತು ಇದ್ದೇ ಇರುತ್ತವೆ. ಅಜ್ಜಿಯ ಮಡಿಲಿನ ಬಿಸುಪು, ಕಸದಿಂದ ರಸ, ಅಳಿವಿನಂಚಿನ ಕಲೆ. ಈ ಮೂರನ್ನೂ ಸೇರಿಸಿ ಬಣ್ಣಬಣ್ಣದ ಫೋಟೊ ಒಂದು ಹಾಕಿದರೆ ಭಾನುವಾರದ ಪುರವಣಿಯ ಅರ್ಧ ಪುಟ ತುಂಬುತ್ತದೆ. ಆ ಅಜ್ಜಿಗೆ ಈ ಕೆಲಸ ಬಂದದ್ದು ಹೇಗೆ, ಬರುವ ಮುಂಚೆ ಎಷ್ಟು ಬಟ್ಟೆ ಕೆಟ್ಟಿತು, ಎಷ್ಟು ರಾತ್ರಿ ಹೊಲಿದದ್ದನ್ನು ಬಿಚ್ಚಿದಳು ಅನ್ನುವ ಪ್ರಶ್ನೆ ಮಾತ್ರ ಎಲ್ಲೂ ಕಾಣುವುದಿಲ್ಲ. ಪ್ರೀತಿಯೊಂದಿದ್ದರೆ ಕೌದಿ ತಾನೇ ಹೊಲಿದುಕೊಳ್ಳುತ್ತದೆ ಅನ್ನುವ ಹಾಗೆ!

ಗ್ರಾಮೀಣ ಪತ್ರಿಕೋದ್ಯಮ ಓದಿ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲೇ ಓಡಾಡಿಕೊಂಡಿರುವ ನಮಗೆ ಈ ಮೂರೂ ಮಾತಿನ ಮೇಲೆ ತಕರಾರಿದೆ. ಕೌದಿಯನ್ನು ಪ್ರೀತಿ ಎಂದು ಕರೆದ ಕೂಡಲೇ ಅದು ಕೆಲಸವಾಗಿ ಉಳಿಯುವುದಿಲ್ಲ. ಕೆಲಸವಲ್ಲದ್ದಕ್ಕೆ ಕೂಲಿ ಕೊಡಬೇಕಾಗಿಲ್ಲ. ಕಸ ಎಂದ ಕೂಡಲೇ ಬಟ್ಟೆಗೆ ಬೆಲೆ ಇಲ್ಲ. ಅಳಿವಿನಂಚು ಎಂದ ಕೂಡಲೇ ಹೊಸದನ್ನು ಕಲಿಯುವ ಮಾತೇ ಇಲ್ಲ, ಇದ್ದದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದಷ್ಟೇ. ಈ ಮೂರೂ ಮಾತುಗಳು ಸೇರಿ ಒಂದು ಸತ್ಯವನ್ನು ಮುಚ್ಚಿಡುತ್ತಿವೆ. ಕೌದಿ ಒಂದು ವಿದ್ಯೆ. ಬೇರೆಲ್ಲ ವಿದ್ಯೆಗಳ ಹಾಗೆ ಅದನ್ನೂ ತಪ್ಪು ಮಾಡುತ್ತಲೇ ಕಲಿಯಬೇಕು. ತಪ್ಪು ಮಾಡುವುದಕ್ಕೆ ಖರ್ಚಿದೆ. ಆ ಖರ್ಚನ್ನು ಇಲ್ಲಿಯವರೆಗೆ ಹೊತ್ತವರು ಬಡ ಹೆಂಗಸರು ಮಾತ್ರ. ನಮ್ಮ ಜಗಳ ಇರುವುದು ಇದರ ಬಗ್ಗೆ.

ಚೌಕ ಸುಲಭ, ತ್ರಿಕೋನ ಕಷ್ಟ

ಮೊದಲು ಕೆಲಸ ಏನು ಅನ್ನುವುದನ್ನು ನೋಡೋಣ. ನಮ್ಮ ಕಡೆಯ ಕೌದಿಗೆ ಕೆಳಗೊಂದು ಗಟ್ಟಿ ಸೀರೆಯೋ ಪಂಚೆಯೋ ಇರುತ್ತದೆ. ಅದರ ಮೇಲೆ ಹಳೆ ಬಟ್ಟೆಯ ಪದರ, ಅದರ ಮೇಲೆ ತುಂಡುಗಳು. ಒಂದು ತುಂಡಿನ ಅಂಚು ಮಡಚಿ ಇನ್ನೊಂದರ ಮೇಲೆ ಕೂರಿಸಿ, ಎಲ್ಲ ಪದರಕ್ಕೂ ಸೂಜಿ ಇಳಿಯುವ ಹಾಗೆ ಸಾಲುಸಾಲಾಗಿ ಟಾಕು ಹಾಕುತ್ತಾ ಹೋಗುವುದು. ಇದರಲ್ಲಿ ಒಂದು ಅನುಕೂಲವಿದೆ. ತುಂಡು ಅರ್ಧ ಇಂಚು ಸಣ್ಣದಾದರೆ ಪಕ್ಕದ್ದನ್ನು ಸ್ವಲ್ಪ ಎಳೆದು ಮುಚ್ಚಬಹುದು, ದೊಡ್ಡದಾದರೆ ಒಳಗೆ ಮಡಚಬಹುದು. ಕೆಳಗಿನ ಬಟ್ಟೆ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಈಗ ಪೇಟೆಯ ಗಿರಾಕಿ ಕೇಳುತ್ತಿರುವುದು ಬೇರೆ. ಬಿಡಿಬಿಡಿ ಚೌಕ ಮಾಡಿ, ಪ್ರತಿ ಚೌಕದೊಳಗೆ ತ್ರಿಕೋನ, ನಕ್ಷತ್ರ, ಹೂವು ಕೂರಿಸಿ, ಆ ಚೌಕಗಳನ್ನು ಒಂದಕ್ಕೊಂದು ಜೋಡಿಸಿ ಕೌದಿ ಮಾಡಬೇಕು. ಇಲ್ಲಿ ಕೆಳಗೆ ಆಧಾರದ ಬಟ್ಟೆ ಇಲ್ಲ. ತುಂಡಿಗೆ ತುಂಡೇ ಆಧಾರ. ಮಾಡಿದ ತಪ್ಪು ಎಲ್ಲೂ ಕರಗುವುದಿಲ್ಲ, ಮುಂದಿನ ಜೋಡಣೆಗೆ ವರ್ಗವಾಗುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಸಾಲಿನಲ್ಲಿ ಎಂಟು ತುಂಡಿದ್ದರೆ ಏಳು ಜೋಡಣೆ. ಪ್ರತಿ ಜೋಡಣೆಯಲ್ಲಿ ಎರಡೂ ಕಡೆ ಒಂದೊಂದು ಮಿಲಿಮೀಟರು ಹೆಚ್ಚು ಬಟ್ಟೆ ಒಳಹೋದರೆ ಸಾಲು 14 ಮಿಲಿಮೀಟರು ಗಿಡ್ಡವಾಗುತ್ತದೆ. ಒಂದು ಮಿಲಿಮೀಟರು ಅಂದರೆ ಎಷ್ಟು? ಪೆನ್ಸಿಲಿನ ಗೆರೆಯ ಈ ಬದಿ ಹೊಲಿದೆವೋ ಆ ಬದಿ ಹೊಲಿದೆವೋ ಅನ್ನುವಷ್ಟು. ಇಷ್ಟರಿಂದಲೇ ಪಕ್ಕದ ಸಾಲಿನ ಮೂಲೆಗೆ ಈ ಸಾಲಿನ ಮೂಲೆ ಕೂರದೆ ಇಡೀ ಕೌದಿ ಸೊಟ್ಟಗಾಗುತ್ತದೆ.

ತ್ರಿಕೋನದ ಕತೆ ಇನ್ನೂ ಕಷ್ಟ. ಬಟ್ಟೆಗೆ ಹಾಸು ಇದೆ, ಹೊಕ್ಕು ಇದೆ. ಆ ದಿಕ್ಕಿನಲ್ಲಿ ಎಳೆದರೆ ಬಟ್ಟೆ ಹೆಚ್ಚು ಜಗ್ಗುವುದಿಲ್ಲ. ಚೌಕವನ್ನು ಕರ್ಣದಲ್ಲಿ ಕತ್ತರಿಸಿದ ಕೂಡಲೇ ಆ ಉದ್ದದ ಬದಿ ಓರೆಯಾಗಿಬಿಡುತ್ತದೆ, ದರ್ಜಿಗಳು ಕ್ರಾಸ್ ಅನ್ನುತ್ತಾರಲ್ಲ, ಅದು. ಕೈಯಲ್ಲಿ ಹಿಡಿದರೆ ಜಗ್ಗುತ್ತದೆ, ಇಸ್ತ್ರಿ ಪೆಟ್ಟಿಗೆ ಎಳೆದರೆ ಜಗ್ಗುತ್ತದೆ, ಮಷಿನ್ನಿನ ಕಾಲು ಒತ್ತಿದರೂ ಜಗ್ಗುತ್ತದೆ. ಹೊಲಿದು ಮುಗಿಸುವಷ್ಟರಲ್ಲಿ ಅಲೆಅಲೆಯಾಗಿ ಎದ್ದಿರುತ್ತದೆ. ಇನ್ನು ಅಳತೆ. ಎರಡು ತ್ರಿಕೋನ ಸೇರಿಸಿ, ಮುಗಿದ ಮೇಲೆ 4 ಇಂಚು ಬರುವ ಚೌಕ ಬೇಕೆಂದರೆ, ಸುತ್ತ ಕಾಲಿಂಚು ಮಾರ್ಜಿನ್ ಲೆಕ್ಕದಲ್ಲಿ ಕತ್ತರಿಸಬೇಕಾದ ಚೌಕ ನಾಲ್ಕೂವರೆ ಇಂಚಲ್ಲ. 5 ಇಂಚಿಗೆ ಇಂಚಿನ ಎಂಟನೇ ಒಂದು ಭಾಗ ಕಡಿಮೆ. ಕರ್ಣದ ಹೊಲಿಗೆಯೂ ಬಟ್ಟೆ ನುಂಗುತ್ತದೆ, ಆ ನುಂಗುವಿಕೆ ನೇರ ಹೊಲಿಗೆಯ ಹಾಗಿರುವುದಿಲ್ಲ. ಈ ಲೆಕ್ಕವನ್ನು ಪುಸ್ತಕ ನೋಡದ ಹೆಂಗಸು ಕಂಡುಕೊಳ್ಳುವುದು ಹೇಗೆ? ನಾಲ್ಕೂವರೆ ಕತ್ತರಿಸಿ ನೋಡುತ್ತಾಳೆ, ಸಾಲುವುದಿಲ್ಲ. ಐದು ಕತ್ತರಿಸುತ್ತಾಳೆ, ಮಿಕ್ಕುತ್ತದೆ. ಮೂರನೇ ಸಲಕ್ಕೆ ಕಣ್ಣಳತೆ ಕೂರುತ್ತದೆ. ಮೊದಲ ಎರಡು ಸಲದ ಬಟ್ಟೆ ಹೋಗಿರುತ್ತದೆ.

ಎಂಟೆಲೆಯ ನಕ್ಷತ್ರದ ವಿಷಯಕ್ಕೆ ಬಂದರೆ ಮುಗಿದೇ ಹೋಯಿತು. ನಡುವಿನ ಒಂದು ಬಿಂದುವಿನಲ್ಲಿ ಎಂಟು ಮೂಲೆ ಸೇರಬೇಕು. ಒಂದೊಂದೂ 45 ಡಿಗ್ರಿ, ಎಂಟು ಸೇರಿ 360. ಒಂದೊಂದರಲ್ಲಿ ಒಂದೇ ಡಿಗ್ರಿ ಹೆಚ್ಚಾದರೂ ಎಂಟು ಡಿಗ್ರಿ ಬಟ್ಟೆ ಮಿಕ್ಕಿ ನೆರಿಗೆಯಾಗುತ್ತದೆ. ಒಂದೊಂದು ಕಡಿಮೆಯಾದರೆ ನಡು ಭಾಗ ಟೋಪಿಯ ಹಾಗೆ ಮೇಲೇಳುತ್ತದೆ. ಬಾಗಿಲ ಮುಂದೆ ಅಷ್ಟದಳ ರಂಗೋಲಿ ಕಣ್ಣುಮುಚ್ಚಿ ಬಿಡುವ ಹೆಣ್ಣುಮಗಳು ಬಟ್ಟೆಯಲ್ಲಿ ಅದನ್ನೇ ಮಾಡಹೋಗಿ ಮೂರು ಸಲ ಬಿಚ್ಚಬೇಕಾಗುವುದು ಇದಕ್ಕೇ. ರಂಗೋಲಿ ತಪ್ಪಿದರೆ ಸೆರಗಿನಲ್ಲಿ ಒರೆಸಬಹುದು. ಕತ್ತರಿ ಬಿದ್ದ ಬಟ್ಟೆ ಕೂಡಿಕೊಳ್ಳುವುದಿಲ್ಲ.

ಸಾಲದ್ದಕ್ಕೆ ನಮ್ಮ ಹೆಂಗಸರ ಕೈಗೆ ಸಿಗುವ ಬಟ್ಟೆಯೇ ಬದಲಾಗಿದೆ. ಹಿಂದಿನ ಹತ್ತಿ ಸೀರೆಗೆ ಸೂಜಿ ಬೆಣ್ಣೆಗಿಳಿದ ಹಾಗೆ ಇಳಿಯುತ್ತಿತ್ತು. ಈಗಿನ ಹಳೆ ಸೀರೆ ಅಂದರೆ ಸಿಂಥೆಟಿಕ್ ಸೀರೆ, ಅದು ಜಾರುತ್ತದೆ. ಅದರ ಪಕ್ಕ ಹತ್ತಿಯ ತುಂಡು ಕೂರಿಸಿದರೆ ಮೊದಲ ಒಗೆತಕ್ಕೆ ಹತ್ತಿ ಕುಗ್ಗುತ್ತದೆ, ಸಿಂಥೆಟಿಕ್ ಕುಗ್ಗುವುದಿಲ್ಲ, ಚೌಕ ಮುದುಡಿಕೊಳ್ಳುತ್ತದೆ. ಕುಗ್ಗುವ ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿಟ್ಟುಕೊಳ್ಳಬೇಕು ಅನ್ನುವ ಪಾಠ ಗೊತ್ತಾಗುವುದು ಒಂದು ಕೌದಿ ಪೂರಾ ಕೆಟ್ಟ ಮೇಲೆಯೇ.

ನಲವತ್ತು ಗಂಟೆ, ನಲವತ್ತಾರು ಗಂಟೆ

ಈಗ ಇನ್ನೊಂದು ಲೆಕ್ಕ. ಆರಡಿ ಉದ್ದ, ನಾಲ್ಕಡಿ ಅಗಲದ ಒಂದು ಕೌದಿ. ಅರ್ಧ ಇಂಚಿಗೊಂದು ಸಾಲು ಟಾಕು ಹಾಕಿದರೆ 96 ಸಾಲು. ಒಂದೊಂದು ಸಾಲು 72 ಇಂಚು. ಒಟ್ಟು ಹೊಲಿಗೆಯ ಉದ್ದ 6,912 ಇಂಚು, ಅಂದರೆ 576 ಅಡಿ. ಇಂಚಿಗೆ ನಾಲ್ಕು ಟಾಕು ಅಂದರೂ 27,648 ಟಾಕು. ನಾಲ್ಕೈದು ಪದರದ ಬಟ್ಟೆಗೆ ನಿಮಿಷಕ್ಕೆ ಹತ್ತು ಟಾಕು ಬೀಳುತ್ತವೆ ಎಂದುಕೊಳ್ಳಿ. 46 ಗಂಟೆ ಆಯಿತು. ದಿನಕ್ಕೆ 8 ಗಂಟೆಯಂತೆ ಸುಮಾರು ಆರು ದಿನ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಬರೀ ಟಾಕಿಗೆ 2,220 ರೂಪಾಯಿ ಆಯಿತು. ಬಟ್ಟೆ ಆರಿಸಿದ್ದು, ಒಗೆದದ್ದು, ಕತ್ತರಿಸಿದ್ದು, ಬಣ್ಣ ಹೊಂದಿಸಿದ್ದು, ಚೌಕ ಕೂಡಿಸಿದ್ದು, ಅಂಚು ಕಟ್ಟಿದ್ದು, ದಾರದ ದುಡ್ಡು ಇದರಲ್ಲಿ ಸೇರಿಲ್ಲ. "ಹಳೆ ಬಟ್ಟೆ ತಾನೇ, ಸಾವಿರಕ್ಕೆ ಕೊಡಮ್ಮ" ಅನ್ನುವ ಗಿರಾಕಿ ಇದ್ದಾನಲ್ಲ, ಅವನು ಮಣ್ಣು ಹೊರುವ ಕೂಲಿಯ ಅರ್ಧವನ್ನೂ ಕೊಡುತ್ತಿಲ್ಲ. ಕೊಟ್ಟ ಮೇಲೆ ನಾನು ಕಲೆ ಉಳಿಸಿದೆ ಎಂದು ಫೋಟೊ ಬೇರೆ ಹಾಕಿಕೊಳ್ಳುತ್ತಾನೆ.

ಸರ್ಕಾರದ ಕಡೆ ತಿರುಗೋಣ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ದರ್ಜಿ ಇದ್ದಾರೆ, ಹೂಮಾಲೆ ಕಟ್ಟುವವರಿದ್ದಾರೆ, ಬುಟ್ಟಿ, ಚಾಪೆ, ಪೊರಕೆ ಮಾಡುವವರಿದ್ದಾರೆ, ಮೀನುಬಲೆ ಹೆಣೆಯುವವರಿದ್ದಾರೆ. ಇರಬೇಕಾದ್ದೇ. ಕೌದಿ ಹೊಲಿಯುವವಳು ಪಟ್ಟಿಯಲ್ಲಿ ಇಲ್ಲ. ದರ್ಜಿ ಎಂದು ಬರೆಸಿಕೊಂಡು ಒಳಗೆ ಹೋಗಬೇಕು. ಹೋದರೂ ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಗಂಡ ಗಾರೆ ಕೆಲಸದವನಾಗಿ ಮೊದಲೇ ಹೆಸರು ಬರೆಸಿದ್ದರೆ ಹೆಂಡತಿಯ ಸೂಜಿಗೆ ಜಾಗವಿಲ್ಲ. ಮೂಲ ತರಬೇತಿ ಐದರಿಂದ ಏಳು ದಿನ, 40 ಗಂಟೆ. ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆಂದು 15,000 ರೂಪಾಯಿಯ ವೋಚರು. ಭತ್ಯೆ ಕೊಡುವ ಪದ್ಧತಿ ಬಂದದ್ದು ಒಳ್ಳೆಯದೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಈಗಾಗಲೇ ಕಸುಬು ಬಲ್ಲವರ ಕೈ ಚುರುಕು ಮಾಡುವುದಕ್ಕೆ ಈ ತರಬೇತಿ ಅನ್ನುವುದೂ ಗೊತ್ತು. ಆದರೆ ಗಂಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತರಬೇತಿ 40 ಗಂಟೆ. ಒಂದೇ ಒಂದು ಕೌದಿಯ ಟಾಕು 46 ಗಂಟೆ. ಅಂದರೆ ತರಬೇತಿ ಮುಗಿದು ಪ್ರಮಾಣಪತ್ರ ಕೈಗೆ ಬಂದಾಗ ಕೌದಿ ಇನ್ನೂ ಮುಗಿದಿರುವುದಿಲ್ಲ!

ಊರೂರಲ್ಲಿ ನಡೆಯುವ ಸಣ್ಣಪುಟ್ಟ ಶಿಬಿರಗಳದ್ದು ಇನ್ನೊಂದು ವರಸೆ. ಮಾರ್ಚ್ ಕೊನೆಗೆ ಅನುದಾನ ವಾಪಸು ಹೋಗುತ್ತದೆಂಬ ಆತುರಕ್ಕೆ ಐದು ದಿನದ ಶಿಬಿರ ಏಳುತ್ತದೆ. ಅಳೆದು ತಂದ ಬಟ್ಟೆ, ಒಬ್ಬೊಬ್ಬರಿಗೆ ಇಷ್ಟು ತುಂಡು. ಕೊನೆಯ ದಿನ ಅತಿಥಿಗಳು ಬರುತ್ತಾರೆ, ಅಷ್ಟರೊಳಗೆ ಗೋಡೆಗೆ ನೇತುಹಾಕಲು ಏನಾದರೂ ಸಿದ್ಧವಾಗಲೇಬೇಕು. ಹಾಗಾದರೆ ಏನು ಕಲಿಸುತ್ತಾರೆ? ಕೆಡದೇ ಇರುವಂಥದ್ದನ್ನು. ನೇರ ಚೌಕ, ನೇರ ಪಟ್ಟಿ. ತ್ರಿಕೋನಕ್ಕೆ ಕೈಹಾಕಿದರೆ ಬಟ್ಟೆ ಹಾಳು, ಟೈಮು ಹಾಳು, ಫೋಟೊ ಹಾಳು. ಐದು ದಿನದಲ್ಲಿ ಅವರಿಗೆ ಮೊದಲೇ ಬರುತ್ತಿದ್ದದ್ದನ್ನೇ ಕಲಿಸಿ ಕಳಿಸುತ್ತಾರೆ. ಆರು ತಿಂಗಳ ಮೇಲೆ ಪೇಟೆಯ ಗಿರಾಕಿಗೆ ನಕ್ಷತ್ರದ ಕೌದಿ ಬೇಕಾದಾಗ ಅದೇ ಜನ "ನಮ್ಮ ಹೆಣ್ಣುಮಕ್ಕಳಿಗೆ ಕೌಶಲ ಸಾಲದು" ಅನ್ನುತ್ತಾರೆ. ಕೌಶಲ ಎಲ್ಲಿಂದ ಬರಬೇಕು ಸ್ವಾಮಿ? ಕೆಡಿಸುವುದಕ್ಕೆ ನೀವು ಬಿಟ್ಟಿರಾ?

ಸೈಕಲ್ ಕಲಿಯುವ ಹುಡುಗನ ಮಂಡಿ ತರಚುತ್ತದೆ ಎಂದು ಯಾರೂ ಸೈಕಲ್ ನಿಷೇಧಿಸಲಿಲ್ಲ. ಶುಂಠಿ ಹಾಕಿ ಕೈಸುಟ್ಟುಕೊಂಡ ರೈತನಿಗೆ ಮುಂದಿನ ವರ್ಷ ಇನ್ನೊಂದು ಬೆಳೆ ನೋಡುವ ಧೈರ್ಯ ಹೇಳುತ್ತೇವೆ. ಹೊಲಿಗೆಯ ಹೆಂಗಸು ಒಂದು ಮೀಟರು ಬಟ್ಟೆ ಕೆಡಿಸಿದರೆ ಮಾತ್ರ ಮನೆಯಲ್ಲೂ ಬೈಗುಳ, ಸಂಘದಲ್ಲೂ ಬೈಗುಳ. ಮೀಟರು ಬಟ್ಟೆಯ ಬೆಲೆ ಎಷ್ಟು? ಒಂದು ಸನ್ಮಾನಕ್ಕೆ ಹಾಕುವ ಶಾಲು, ಹಾರದ ಖರ್ಚಿನಲ್ಲಿ ನಾಲ್ಕು ಜನ ಹೆಂಗಸರು ಧಾರಾಳವಾಗಿ ಬಟ್ಟೆ ಕೆಡಿಸಬಹುದು.

ನಮ್ಮದಲ್ಲ ಅನ್ನುವವರಿಗೆ

ಇನ್ನೊಂದು ಗುಂಪಿನವರಿದ್ದಾರೆ. ಅವರಿಗೆ ತ್ರಿಕೋನ, ನಕ್ಷತ್ರ ಎಲ್ಲ ವಿದೇಶಿ. ಕೌದಿ ಅಂದರೆ ಅಜ್ಜಿ ಮಾಡಿದ ಹಾಗೇ ಇರಬೇಕಂತೆ. ಇವರನ್ನು ಸೊರಬ, ಸಾಗರದ ದೀವರ ಮನೆಗಳಿಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡಲಿ. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರುಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಸ್ಕೇಲಿಲ್ಲ, ಕೋನಮಾಪಕ ಇಲ್ಲ. ಎಳೆಗೆ ಎಳೆ ಸಮಾನಾಂತರ, ತ್ರಿಕೋನದ ತುದಿಗೆ ತ್ರಿಕೋನದ ತುದಿ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಹೊರುವ ಬುಟ್ಟಿಯ ಮೇಲೂ ಅದೇ ಲೆಕ್ಕಾಚಾರ, ಅದೂ ದುಂಡಗಿನ ಮೈಮೇಲೆ. ಈ ಕೈಗಳಿಗೆ ತ್ರಿಕೋನ ಹೊರಗಿನದೇ?

ಶಿಕಾರಿಪುರ ತಾಲ್ಲೂಕಿನ ತಾಂಡಾಗಳಿಗೂ ಬರಲಿ. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ನಮ್ಮ ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಲಂಬಾಣಿ ಹೆಂಗಸರ ಫೇಟಿಯಾ, ಕಾಂಚಳಿ, ಟುಕರಿಗಳನ್ನು ಬಿಡಿಸಿ ನೋಡಿದರೆ ತುಂಡಿಗೆ ತುಂಡು ಕೂಡಿಸುವ, ಕನ್ನಡಿ ಕೂರಿಸುವ, ಕವಡೆ ಕಟ್ಟುವ ಒಂದು ಇಡೀ ವಿಶ್ವವಿದ್ಯಾಲಯವೇ ಅಲ್ಲಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಮಯದಲ್ಲಿ ಅಲ್ಲಿನ ಹೆಂಗಸರ ಕೈಕೆಲಸದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನೂ ಮಾಡಿದರು. ಸಂಡೂರಿನಲ್ಲಿ ಅದು ಸಾಧ್ಯವಾದದ್ದು ಅಲ್ಲಿನ ಹೆಂಗಸರು ಕೂತು ಹೊಲಿಯುವುದಕ್ಕೆ ಒಂದು ಜಾಗ, ವರ್ಷಗಟ್ಟಲೆ ಸಿಗುವ ಕೆಲಸ, ಮಾಡಿದ್ದಕ್ಕೆ ಕೂಲಿ ಇದ್ದದ್ದರಿಂದ. ಐದು ದಿನದ ಶಿಬಿರದಿಂದ ಅಲ್ಲ.

ಅಂದಹಾಗೆ ಅಜ್ಜಿಯರು ಇದ್ದದ್ದನ್ನೇ ಮಾಡಿದರು ಅನ್ನುವುದೂ ಸುಳ್ಳು. ಸೀರೆಯ ಬಣ್ಣ ಬದಲಾದಾಗ ಕೌದಿ ಬದಲಾಯಿತು, ಪ್ಯಾಂಟಿನ ಬಟ್ಟೆ ಬಂದಾಗ ಬದಲಾಯಿತು, ಊರಿಗೆ ಕಾಲುಮಷಿನ್ ಬಂದಾಗ ಮತ್ತೆ ಬದಲಾಯಿತು. ಪ್ರತಿ ಸಲವೂ ಯಾರೋ ಒಬ್ಬಳು ಮೊದಲು ಕೆಡಿಸಿ ನೋಡಿದ್ದಾಳೆ. ಸಂಪ್ರದಾಯ ಅಂದರೆ ಕೆಡಿಸಿ ಸರಿಮಾಡಿದವರ ಸಾಲು. ಕೆಡಿಸುವುದನ್ನು ನಿಲ್ಲಿಸಿದ ದಿನ ಅದು ವಸ್ತುಪ್ರದರ್ಶನದ ಸಾಮಾನಾಗುತ್ತದೆ.

"ಯೂಟ್ಯೂಬಿನಲ್ಲಿ ಎಲ್ಲ ಇದೆಯಲ್ಲ, ನೋಡಿ ಕಲಿಯಲಿ" ಅನ್ನುವವರಿಗೂ ಒಂದು ಮಾತು. ಅಲ್ಲಿ ತೋರಿಸುವವರ ಮುಂದೆ ಚೌಕಳಿ ಹಾಕಿದ ಕತ್ತರಿಸುವ ಹಲಗೆ, ಚಕ್ರದ ಕತ್ತರಿ, ಗಂಜಿ ಹಾಕಿದ ಹೊಸ ಹತ್ತಿ ಬಟ್ಟೆ, ಕರೆಂಟಿನ ಮಷಿನ್ನು ಇರುತ್ತವೆ. ಇಲ್ಲಿ ಇರುವುದು ಮೊಂಡ ಕತ್ತರಿ, ಜಾರುವ ಸೀರೆ, ಇಂಚುಪಟ್ಟಿಯ ಸವೆದ ಟೇಪು. ವಿಡಿಯೊ ನೋಡಿ ಕಲಿಯಬಾರದು ಎಂದು ನಾವು ಹೇಳುತ್ತಿಲ್ಲ. ಕಲಿಯುತ್ತಿದ್ದಾರೆ ಕೂಡ. ಮೊಬೈಲು ನಿಲ್ಲಿಸಿ ನಿಲ್ಲಿಸಿ ನೋಡಿ, ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು, ಹಾಳೆಯನ್ನೇ ಅಚ್ಚು ಮಾಡಿಕೊಂಡು, ಮೊದಲು ಹಳೆ ಪೇಪರಿನಲ್ಲಿ ತುಂಡು ಕತ್ತರಿಸಿ ನೆಲದ ಮೇಲೆ ಜೋಡಿಸಿ ನೋಡುತ್ತಾರೆ. ಓರೆ ಬದಿ ಜಗ್ಗದಿರಲೆಂದು ಗಂಜಿಯಲ್ಲಿ ಅದ್ದಿ ಒಣಗಿಸಿ ಆಮೇಲೆ ಕತ್ತರಿ ಹಾಕುವವರಿದ್ದಾರೆ. ಚೌಕ ಎರಡನ್ನು ಒಂದರ ಮೇಲೊಂದಿಟ್ಟು ಕರ್ಣದ ಎರಡೂ ಬದಿ ಹೊಲಿದು, ಆಮೇಲೆ ನಡುವೆ ಕತ್ತರಿಸಿದರೆ ಓರೆಯ ಕಾಟವೇ ಇಲ್ಲ, ಒಂದೇ ಏಟಿಗೆ ಎರಡು ಚೌಕ. ಅಳತೆಗಿಂತ ಸ್ವಲ್ಪ ದೊಡ್ಡದಾಗಿ ಮಾಡಿಕೊಂಡು ಕೊನೆಗೆ ಅಂಚು ಸವರಿದರೆ ಇನ್ನೂ ಸಲೀಸು. ವಿಡಿಯೊದಲ್ಲಿ ಇದು ಹತ್ತು ಸೆಕೆಂಡಿನ ಮಾತು. ಇಂಥ ಬಟ್ಟೆಯಲ್ಲಿ, ಇಂಥ ಕತ್ತರಿಯಲ್ಲಿ ಅದು ಕೈಗೆ ಕೂರಲು ಹಲವು ಸಂಜೆಗಳು ಬೇಕು. ಆ ಸಂಜೆಗಳು ಅವಳಿಗೆ ಎಲ್ಲಿಂದ ಬರಬೇಕು ಅನ್ನುವುದೇ ನಮ್ಮ ಪ್ರಶ್ನೆ.

ಹೊರಗೆ ನೋಡಿದರೆ

ದೂರ ಹೋಗುವುದು ಬೇಡ, ಪಕ್ಕದ ಉತ್ತರ ಕನ್ನಡಕ್ಕೆ ಹೋಗಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಮಾಡುವ ಕೌದಿಗೆ ಕವಂದ್ ಎಂದೂ ಹೆಸರು. ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಸಾಗಿ ಸುತ್ತುತ್ತಾ ಒಳಕ್ಕೆ ಬರುತ್ತಾರೆ. ನಡುವೆ ಬಂದು ಸೇರಿದಾಗ ಕೌದಿ ಮುಗಿಯಿತು. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಹೂವು ಇಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಬೆತ್ತಲೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಮುಂದಿನ ತುಂಡು ಯಾವುದು ಅನ್ನುವುದನ್ನು ಹಿಂದಿನ ತುಂಡು ಹೇಳುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ, ಹೆಂಗಸರ ಸಹಕಾರಿ ಗುಂಪು ಕಟ್ಟಲು ಕೈಜೋಡಿಸಿ, ಅವನ್ನು ನ್ಯೂಯಾರ್ಕಿನ ಪ್ರದರ್ಶನದವರೆಗೆ ಒಯ್ದರು. ನಮ್ಮ ಕಣ್ಣಿಗೆ ಹಾಸಿಗೆಯಾಗಿ ಕಂಡದ್ದು ಅವರ ಕಣ್ಣಿಗೆ ಯೋಚನೆಯಾಗಿ ಕಂಡಿತು. ವ್ಯತ್ಯಾಸ ಕೌದಿಯಲ್ಲಿರಲಿಲ್ಲ, ನೋಡಿದವರಲ್ಲಿತ್ತು.

ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಗುಲಾಮರಾಗಿ ಹತ್ತಿ ಬಿಡಿಸಿದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿನ ಹೆಂಗಸರು. ಹೊಲದ ಕೆಲಸದ ಹರಕು ಬಟ್ಟೆಯಲ್ಲಿ ಕೌದಿ ಹೊಲಿಯುತ್ತಿದ್ದರು. 1966ರಲ್ಲಿ ಆ ಭಾಗದ ಹೆಂಗಸರು ಸೇರಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘ ಕಟ್ಟಿದರು. ದೊಡ್ಡ ಅಂಗಡಿಗಳಿಂದ ಆರ್ಡರು ಬಂತು, ಜೊತೆಗೆ ಷರತ್ತೂ ಬಂತು. ಎಲ್ಲ ಒಂದೇ ಅಳತೆ, ಒಂದೇ ನಮೂನೆ. 1972ರಿಂದ ಸಿಯರ್ಸ್ ಕಂಪನಿಗಾಗಿ ಕಾರ್ಡುರಾಯ್ ಬಟ್ಟೆಯ ದಿಂಬಿನ ಕವರು ಹೊಲಿದರು. ಅದರಿಂದ ಹೊಟ್ಟೆ ತುಂಬಿತು, ಸಣ್ಣ ಮಾತಲ್ಲ. ಆದರೆ ಜಗತ್ತು ಬೆರಗಾದದ್ದು ಆ ಕವರು ನೋಡಿ ಅಲ್ಲ. ಕವರು ಕತ್ತರಿಸಿ ಮಿಕ್ಕ ಕಾರ್ಡುರಾಯ್ ಚಿಂದಿಯನ್ನು ಮನೆಗೆ ತಂದು, ಮನಸ್ಸಿಗೆ ಬಂದ ಹಾಗೆ ಸೊಟ್ಟಗೆ, ಓರೆಗೆ, ಧೈರ್ಯವಾಗಿ ಕೂಡಿಸಿದ ಕೌದಿಗಳನ್ನು ನೋಡಿ. 2002ರಲ್ಲಿ ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಅವುಗಳ ಪ್ರದರ್ಶನವಾಯಿತು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೆ ಬಂದವು. ಆರ್ಡರಿನ ಕೆಲಸದಿಂದ ಊಟ, ಆರ್ಡರಿಲ್ಲದ ಕೆಲಸದಿಂದ ವಿದ್ಯೆ. ಎರಡೂ ಬೇಕು. ನಮ್ಮ ಯೋಜನೆಗಳಲ್ಲಿ ಎರಡನೆಯದಕ್ಕೆ ಕಾಲಂ ಇಲ್ಲ.

ಸೂಜಿಗೂ ಇತಿಹಾಸವಿದೆ

ಅಕ್ಕನ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಇಲ್ಲಿ ಕಾಯಕದ ಬಗ್ಗೆ ಭಾಷಣಕ್ಕೆ ಬರವಿಲ್ಲ. ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ, ಹೊಲಿಯುವುದು ಅವನ ಕಾಯಕ. ರಾಟೆಯ ಕಾಯಕದ ಕದಿರ ರೆಮ್ಮವ್ವೆ ಇದ್ದಳು. ಒಂಬೈನೂರು ವರ್ಷದ ಹಿಂದೆ ಸೂಜಿಗೆ, ಕದಿರಿಗೆ ಹೆಸರಿನ ಮುಂದೆ ನಿಲ್ಲುವ ಮರ್ಯಾದೆ ಇತ್ತು. ಈಗ ವೇದಿಕೆಯ ಮೇಲೆ ಕಾಯಕದ ಭಾಷಣ ಮುಗಿಸಿ ಕೆಳಗಿಳಿದವರೇ ಕೌದಿಯ ಹೆಂಗಸಿನ ಹತ್ತಿರ ಚೌಕಾಸಿ ಮಾಡುತ್ತಾರೆ.

ಗಾರ್ಮೆಂಟ್ಸಿಗೆ ಹೋಗುವ ನಮ್ಮ ಹೆಣ್ಣುಮಕ್ಕಳ ಮಾತೂ ಇಲ್ಲಿ ಬರಲೇಬೇಕು. ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಬರುವ ಅವರಿಗೆ ಮಷಿನ್ನಿನ ವೇಗ ಚೆನ್ನಾಗಿ ಗೊತ್ತು. ಆದರೆ ಒಬ್ಬಳಿಗೆ ಕಾಲರು, ಒಬ್ಬಳಿಗೆ ತೋಳು, ಒಬ್ಬಳಿಗೆ ಗುಂಡಿಮನೆ. ದಿನಕ್ಕೆ ನೂರಾರು ಸಲ ಅದೇ ಒಂದು ಹೊಲಿಗೆ. ತಪ್ಪಿದರೆ ಮೇಲ್ವಿಚಾರಕರ ಕೂಗಾಟ. ಇಡೀ ಅಂಗಿಯನ್ನು ಮನಸ್ಸಿನಲ್ಲಿ ಕಟ್ಟುವ ಕೆಲಸ ಅಲ್ಲಿ ಯಾರದೋ ಬೇರೆಯವರದ್ದು. ಕೌದಿಯಲ್ಲಿ ಹಾಗಲ್ಲ. ಯೋಚಿಸುವವಳೂ ಅವಳೇ, ಕತ್ತರಿಸುವವಳೂ ಅವಳೇ, ತಪ್ಪನ್ನು ಕಂಡುಹಿಡಿಯುವವಳೂ ಅವಳೇ. ತಪ್ಪಿಗೆ ಹೆದರಿಸಿದರೆ ಕೈ ಒಂದೇ ಕಡೆ ನಿಲ್ಲುತ್ತದೆ, ತಪ್ಪಿಗೆ ಬಿಟ್ಟರೆ ತಲೆ ಓಡುತ್ತದೆ. ಹಳ್ಳಿಯ ಹೆಂಗಸಿನ ಕೈ ಮಾತ್ರ ಬೇಕು, ತಲೆ ಬೇಡ ಅನ್ನುವ ಆರ್ಥಿಕತೆಗೆ ಕಷ್ಟದ ಕೌದಿ ಒಂದು ಉತ್ತರ. ನಮಗೆ ಇದು ಬರೀ ಹೊದಿಕೆಯ ವಿಷಯವಲ್ಲ.

ಸಂತೆಯಲ್ಲಿ ಕಡಿಮೆ ದುಡ್ಡಿಗೆ ಬ್ಲಾಂಕೆಟ್ ಸಿಗುವಾಗ ಕೌದಿ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಚಳಿಗೆ ಬ್ಲಾಂಕೆಟ್ ಸಾಕು. ಸೊರಬದ ಮಳೆಗಾಲದಲ್ಲಿ ನೆನೆದ ಕೌದಿ ವಾರವಾದರೂ ಒಣಗುವುದಿಲ್ಲ ಅನ್ನುವುದೂ ನಿಜ. ನೇರ ಚೌಕದ ಕೌದಿ ಬ್ಲಾಂಕೆಟಿನ ಜೊತೆ ಬೆಲೆಯಲ್ಲಿ ಸ್ಪರ್ಧಿಸಲಾರದು. ಅದಕ್ಕೇ ನಾವು ಕಷ್ಟದ ಚೌಕದ ಮಾತಾಡುತ್ತಿರುವುದು. ಮಷಿನ್ನು ಮಾಡಲಾಗದ್ದನ್ನು, ಇನ್ನೊಬ್ಬಳು ನೋಡಿದ ತಕ್ಷಣ ಮಾಡಲಾಗದ್ದನ್ನು ಮಾಡಿದಾಗಲೇ ಕೈಕೆಲಸಕ್ಕೆ ಕೈಕೆಲಸದ ಬೆಲೆ.

ಹಾಗಾದರೆ ಏನು ಮಾಡಬೇಕು?

ಬೈದು ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ಕೇಳುವುದನ್ನು ನೇರವಾಗಿ ಕೇಳುತ್ತೇವೆ.

ಮೊದಲನೆಯದು, ಕೆಡುವ ಬಟ್ಟೆಗೆ ಬಜೆಟ್ಟು ಇಡಿ. ಸಂಜೀವಿನಿ ಒಕ್ಕೂಟವಾಗಲಿ, ಬೇರೆ ಯಾವುದೇ ತರಬೇತಿಯಾಗಲಿ, ಕೊಡುವ ಬಟ್ಟೆಯಲ್ಲಿ ಮೂರನೇ ಒಂದು ಭಾಗ ಕಲಿಕೆಗೆ, ಲೆಕ್ಕ ಕೇಳುವುದಿಲ್ಲ ಎಂದು ಬರೆದು ಕೊಡಿ. ದರ್ಜಿ ಅಂಗಡಿಗಳ ಚಿಂದಿ ಊರೂರಲ್ಲಿ ಮೂಟೆಗಟ್ಟಲೆ ಬೀಳುತ್ತದೆ, ಅದನ್ನು ಬಣ್ಣ ಮತ್ತು ಬಟ್ಟೆಯ ಜಾತಿ ನೋಡಿ ವಿಂಗಡಿಸಿ ಕೊಟ್ಟರೂ ಅರ್ಧ ಖರ್ಚು ಉಳಿಯುತ್ತದೆ.

ಎರಡನೆಯದು, ಐದು ದಿನ ಒಟ್ಟಿಗೆ ಕೂರಿಸಬೇಡಿ. ಅದೇ 40 ಗಂಟೆಯನ್ನು ವಾರಕ್ಕೊಂದು ಮಧ್ಯಾಹ್ನ ಎರಡು ಗಂಟೆಯಂತೆ 20 ವಾರಕ್ಕೆ ಹಂಚಿ. ನಡುವಿನ ಆರು ದಿನ ಅವಳು ಮನೆಯಲ್ಲಿ ಹೊಲಿದು, ಕೆಡಿಸಿ, ಬಿಚ್ಚಿ, ಪ್ರಶ್ನೆ ಹೊತ್ತು ಬರಲಿ. ಪ್ರಶ್ನೆ ಇಲ್ಲದವರಿಗೆ ಎಷ್ಟು ಗಂಟೆ ಕಲಿಸಿ ಏನು ಪ್ರಯೋಜನ? ಅದೂ ಭತ್ತದ ನಾಟಿ, ಗೋವಿನಜೋಳದ ಕಟಾವಿನ ನಡುವೆ ಬೇಡ. ಸುಗ್ಗಿ ಮುಗಿದ ಮೇಲೆ, ಮಳೆ ಬೀಳುವ ಮುಂಚೆ.

ಮೂರನೆಯದು, ಊರಿನ ಹಿರಿಯ ಹೆಂಗಸಿಗೆ ಗುರುವಿನ ಜಾಗ ಮತ್ತು ಗುರುವಿನ ಗೌರವಧನ ಕೊಡಿ. ಪ್ರಮಾಣಪತ್ರ ಇರುವ ಟ್ರೇನರು ನಗರದಿಂದ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಜಾರುವ ಸೀರೆಗೆ ಟಾಕು ನಿಲ್ಲಿಸುವುದು ಹೇಗೆ ಅನ್ನುವುದು ಗೊತ್ತಿರುವುದು ಇಲ್ಲಿಯವರಿಗೆ. ಶಿಬಿರದಲ್ಲಿ ಅವರನ್ನು ದೀಪ ಹಚ್ಚಲು ಕರೆದು, ಮೂಲೆಯಲ್ಲಿ ಕೂರಿಸಿ ಕಳಿಸುವುದು ಸಾಕು.

ನಾಲ್ಕನೆಯದು, ಕೌದಿಗೆ ಬೆಲೆಚೀಟಿ ಅಂಟಿಸುವಾಗ ಗಂಟೆಯನ್ನೂ ಬರೆಯಿರಿ. ಇಷ್ಟು ತುಂಡು, ಇಷ್ಟು ಗಂಟೆ, ಇಷ್ಟು ಕೂಲಿ. ಚೌಕಾಸಿ ಮಾಡುವವರು ಆ ಚೀಟಿ ನೋಡಿ ಬಾಯಿ ತೆರೆಯಲಿ.

ಐದನೆಯದು, ಕೆಟ್ಟ ಚೌಕಗಳನ್ನು ಎಸೆಯಬೇಡಿ. ಅಲೆ ಎದ್ದದ್ದು, ಟೋಪಿಯಾದದ್ದು, ಮೂಲೆ ತಪ್ಪಿದ್ದು, ಒಗೆದ ಮೇಲೆ ಮುದುಡಿದ್ದು, ಎಲ್ಲವನ್ನೂ ಒಂದು ಕೌದಿ ಮಾಡಿ, ಒಂದೊಂದರ ಕೆಳಗೂ ಯಾಕೆ ಕೆಟ್ಟಿತು ಎಂದು ಒಂದು ಸಾಲು ಬರೆದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಗೋಡೆಗೆ ತೂಗುಹಾಕಿ. ಮುಂದಿನ ಹುಡುಗಿಗೆ ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಸಿಗುವುದಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಕೋನ, ಕರ್ಣ ಕಲಿಸುವ ಮೇಷ್ಟ್ರೂ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಬರಬಹುದು.

ಕೊನೆಯದು ನಮ್ಮ ವೃತ್ತಿಯವರಿಗೆ. ಕೌದಿಯ ಮೇಲೆ ಬರೆಯಲು ಹೋದಾಗ "ಅಜ್ಜಿ, ಇದನ್ನ ಹೊಲಿಯುವಾಗ ಏನನ್ನಿಸುತ್ತೆ?" ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಕ್ರಿಕೆಟಿಗನಿಗೆ ಅವನ ಆಟದ ತಂತ್ರ ಕೇಳುತ್ತೀರಿ, ಅಡಿಕೆ ಬೆಳೆದವನಿಗೆ ಗೊಬ್ಬರದ ಲೆಕ್ಕ ಕೇಳುತ್ತೀರಿ. ಹೆಂಗಸಿಗೆ ಮಾತ್ರ ಭಾವನೆ ಕೇಳುವುದೇಕೆ? ಯಾವ ಚೌಕ ಕಷ್ಟ ಕೊಟ್ಟಿತು, ಎಷ್ಟು ಸಲ ಬಿಚ್ಚಿದಿರಿ, ಕೊನೆಗೆ ಹೇಗೆ ಕೂರಿಸಿದಿರಿ ಎಂದು ಕೇಳಿ ನೋಡಿ. ಉತ್ತರ ಬರೆದುಕೊಳ್ಳಲು ನಿಮ್ಮ ನೋಟ್‌ಬುಕ್ಕಿನ ಹಾಳೆ ಸಾಲುವುದಿಲ್ಲ.

ಈ ಬೇಸಿಗೆಯಲ್ಲಿ ಶಿಕಾರಿಪುರ, ಸೊರಬದ ಕಡೆ ಎಲ್ಲಿ ಹೊಲಿಗೆಯ ಶಿಬಿರ ನಡೆದರೂ ನಾವು ಹೋಗುತ್ತೇವೆ. ಕೊನೆಯ ದಿನದ ಸಮಾರಂಭಕ್ಕೆ ಅಲ್ಲ, ಎರಡನೇ ದಿನ ಮಧ್ಯಾಹ್ನ. ಎಷ್ಟು ಜನರ ಕೈಯಲ್ಲಿ ಬಿಚ್ಚಿದ ಬಟ್ಟೆ ಇದೆ ಎಂದು ಎಣಿಸುತ್ತೇವೆ. ಒಬ್ಬರ ಕೈಯಲ್ಲೂ ಇಲ್ಲದಿದ್ದರೆ ಅಲ್ಲಿ ಕಲಿಕೆ ನಡೆಯುತ್ತಿಲ್ಲ ಎಂದು ಇಲ್ಲೇ ಬರೆಯುತ್ತೇವೆ.